ಮೆಟ್ಟಿಲ ಬುಡದ ರೂಟರ್

ನಾನು ಒಂದು ರೂಟರ್. ಅಂಗೈ ಅಗಲದ ಬಿಳಿ ಡಬ್ಬಿ, ಹಣೆಯ ಮೇಲೆ ಒಂದು ಪುಟ್ಟ ದೀಪ. ನನಗಿರುವ ಬಾಯಿ ಆ ದೀಪವೊಂದೇ. ಬಿಳಿ ಬೆಳಗಿದರೆ ಎಲ್ಲ ಸರಿಯಿದೆ, ಹಳದಿಯಾದರೆ ಉಸಿರು ಸಾಲುತ್ತಿಲ್ಲ, ಕೆಂಪಾದರೆ ನೆಟ್ ಪೂರ್ತಿ ಕಡಿದುಹೋಗಿದೆ. ಇಷ್ಟೇ ನನ್ನ ಭಾಷೆ. ನನ್ನ ಜೊತೆ ಪೆಟ್ಟಿಗೆಯಲ್ಲಿ ಬಂದ ಪುಸ್ತಕದ ಮೂರನೇ ಪುಟದಲ್ಲಿ ಇದನ್ನು ಚಿತ್ರ ಬರೆದು ತೋರಿಸಿದ್ದಾರೆ. ಇಷ್ಟು ವರ್ಷದಲ್ಲಿ ಆ ಪುಟ ತೆರೆದು ನೋಡಿದವರು ಒಬ್ಬರೇ ಒಬ್ಬರು. ಮನೆಯಲ್ಲಿ ಯಾರೂ ಲೆಕ್ಕಕ್ಕಿಟ್ಟುಕೊಳ್ಳದವರೂ ಅವರೇ.

ನಾವು ಹುಟ್ಟಿದ್ದು ಮೂವರು, ಒಂದೇ ಕಾರ್ಖಾನೆ, ಒಂದೇ ಅಚ್ಚು, ಒಂದೇ ಪೆಟ್ಟಿಗೆ. ದೊಡ್ಡ ಮನೆಯಲ್ಲಿ ಒಂದೇ ರೂಟರಿನ ವೈಫೈ ಎಲ್ಲ ಕೋಣೆಗೂ ಮುಟ್ಟುವುದಿಲ್ಲ. ಅದಕ್ಕೆ ನಾವು ಸಾಲಾಗಿ ನಿಲ್ಲುತ್ತೇವೆ. ಮೊದಲನೆಯವಳು ಹೊರಗಿನ ತಂತಿಯಿಂದ ನೆಟ್ ಇಳಿಸಿಕೊಂಡು ಎರಡನೆಯವಳಿಗೆ ಕೊಡುತ್ತಾಳೆ, ಎರಡನೆಯವಳು ಮೂರನೆಯವಳಿಗೆ. ಬಾವಿಯಿಂದ ಅಡುಗೆಮನೆಗೆ ಕೈಯಿಂದ ಕೈಗೆ ಕೊಡ ದಾಟಿಸಿದ ಹಾಗೆ. ಇದಕ್ಕೆ ಮೆಶ್ ಎಂದು ಹೆಸರು. ನಡುವೆ ನಿಂತವಳು ಇಲ್ಲವಾದರೆ ನೀರು ಅಡುಗೆಮನೆ ಸೇರುವುದಿಲ್ಲ, ಇದನ್ನು ತಿಳಿಯಲು ಯಾವ ಡಿಗ್ರಿಯೂ ಬೇಡ.

ಮೊದಲು ನಾವು ಹೋದದ್ದು ಹುಬ್ಬಳ್ಳಿಯ ಒಬ್ಬ ವಕೀಲರ ಮನೆಗೆ. ಅಲ್ಲಿ ನನ್ನನ್ನು ಮೀನಿನ ತೊಟ್ಟಿಯ ಹಿಂದೆ ಕೂರಿಸಿದರು. ಅಷ್ಟು ನೀರನ್ನು ದಾಟಿ ಹೋಗು ಅಂದರೆ ನನ್ನ ಕೈಯಲ್ಲಿ ಆಗುತ್ತದೆಯೇ? ಹದಿನೆಂಟು ದಿನ ಬೈದು, ಮಾಲು ಸರಿಯಿಲ್ಲ ಎಂದು ವಾಪಸ್ ಕಳಿಸಿದರು. ತೊಟ್ಟಿಯನ್ನು ಅರ್ಧ ಅಡಿ ಸರಿಸಿದ್ದರೆ ಸಾಕಿತ್ತು. ಆದರೆ ಮೀನಿಗೆ ತೊಂದರೆ ಮಾಡುವುದಕ್ಕಿಂತ ನನ್ನ ಮರ್ಯಾದೆ ಕಳೆಯುವುದು ಅವರಿಗೆ ಸಲೀಸಾಗಿತ್ತು.

ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ದಾವಣಗೆರೆಗೆ ಬಂದೆವು. ಕೊಂಡವಳು ನೀಲಾಂಬಿಕಾ, ಮನೆಯವರ ಬಾಯಲ್ಲಿ ನೀಲಾ. ಅವಳು ಸನ್ನೆ ಭಾಷೆಯ ದುಭಾಷಿ. ಕಿವಿ ಕೇಳದವರು ಎಲ್ಲೋ ಒಂದೂರಿನ ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ಕೂತಿರುತ್ತಾರೆ. ನೀಲಾ ಇಲ್ಲಿ ಮಹಡಿಯ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಡಾಕ್ಟರ ಮಾತನ್ನು ಕೈಯಲ್ಲಿ ಹೇಳುತ್ತಾಳೆ, ರೋಗಿಯ ಕೈಮಾತನ್ನು ಬಾಯಲ್ಲಿ ಹೇಳುತ್ತಾಳೆ. ದನಿ ಒಂದು ಗಳಿಗೆ ಕಡಿದರೆ ನೀವು ಹಲೋ ಹಲೋ ಎಂದು ಸುಧಾರಿಸಿಕೊಳ್ಳುತ್ತೀರಿ. ಇಲ್ಲಿ ಚಿತ್ರ ನಿಂತರೆ ಮಾತೇ ನಿಂತಿತು. ಅದಕ್ಕೇ ಅವಳು ಮೂರು ರೂಟರ್ ತಂದದ್ದು. ನಮ್ಮಲ್ಲಿ ಮೊದಲನೆಯವಳಾದ ಅಕ್ಕನನ್ನು ಮುಂದಿನ ಹಾಲಿನಲ್ಲಿ, ನನ್ನನ್ನು ಮೆಟ್ಟಿಲ ಬುಡದ ಓಣಿಯಲ್ಲಿ, ತಂಗಿಯನ್ನು ಮಹಡಿಯಲ್ಲಿ ತನ್ನ ಪಕ್ಕದಲ್ಲಿ ಇಟ್ಟಳು. ಪುಸ್ತಕ ಓದದಿದ್ದರೂ ಜಾಗ ಸರಿಯಾಗಿ ಆರಿಸಿದ್ದಳು.

ಈ ಕೆಲಸ ಅವಳಿಗೆ ಬಂದದ್ದು ಕೋರ್ಸು ಮಾಡಿ ಅಲ್ಲ. ಅವಳ ತಾಯಿ ಕೊಟ್ರಮ್ಮನವರಿಗೆ ನಾಲ್ಕನೇ ವಯಸ್ಸಿನಿಂದ ಕಿವಿ ಕೇಳುವುದಿಲ್ಲ. ನೀಲಾ ತೊದಲು ಕಲಿತದ್ದೇ ಕೈಯಲ್ಲಿ. ಗಂಡ ತೀರಿಕೊಂಡ ಮೇಲೆ ಕೊಟ್ರಮ್ಮನವರು ಮಗಳ ಮನೆಗೆ ಬಂದರು, ಬಂದು ಆರು ವರ್ಷವಾಗಿತ್ತು. ಮಗಳ ಮನೆ ಎಂದರೆ ಅಳಿಯನ ಮನೆ, ಅಳಿಯನ ಮನೆ ಎಂದರೆ ಬೀಗರ ಮನೆ. ಅಲ್ಲಿ ಇರುವವಳು ಹೇಗಿರಬೇಕು ಎಂಬುದಕ್ಕೆ ಯಾರೂ ಬರೆಯದ ಕಾಯಿದೆಗಳಿವೆ. ಬೀಗರು ಬಂದರೆ ಸೆರಗು ಸರಿಮಾಡಿಕೊಂಡು ಏಳಬೇಕು. ಬೀಗರ ಮಾತಿಗೆ ಎದುರಾಡಬಾರದು, ಬೀಗರ ಮೇಲೆ ಮಗಳಿಗೆ ದೂರು ಹೇಳಲೇಬಾರದು. ಕೊಟ್ರಮ್ಮನವರು ಓಣಿಯ ತುದಿಯಲ್ಲಿ ಒಂದು ಕುರ್ಚಿ ಹಾಕಿಕೊಂಡು ಅಕ್ಕಪಕ್ಕದವರ ಸೀರೆಗೆ ಫಾಲ್ಸ್ ಹೊಲಿಯುತ್ತಾ, ಇದ್ದೂ ಇಲ್ಲದ ಹಾಗೆ ಇದ್ದರು.

ಆ ಬೀಗರು ಮಹೇಶ್ವರಪ್ಪನವರು, ನೀಲಾಳ ಮಾವ. ವಿದ್ಯುತ್ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಮೀಟರ್ ಓದಿ ನಿವೃತ್ತರಾದವರು. ಹೆಂಡತಿ ಹೋಗಿ ಬಹಳ ಕಾಲವಾಗಿತ್ತು, ಮಗ, ಅಂದರೆ ನೀಲಾಳ ಗಂಡ, ಬೆಳಿಗ್ಗೆ ಲ್ಯಾಬಿನ ಕೆಲಸಕ್ಕೆ ಹೋದರೆ ಸಂಜೆಯೇ ಬರುತ್ತಿದ್ದ. ಹಗಲಿನ ಮನೆಗೆ ಇವರೇ ಯಜಮಾನರು. ಕೆಟ್ಟವರಲ್ಲ. ಆದರೆ ಊರಿನ ಮೀಟರುಗಳೆಲ್ಲ ಗಿರಗಿರನೆ ತಿರುಗುವುದನ್ನು ಜೀವಮಾನವಿಡೀ ನೋಡಿದ ಕಣ್ಣು ಅದು. ಸ್ವಿಚ್ಚಿನ ಮೇಲೆ ಕೆಂಪು ಚುಕ್ಕಿ ಉರಿಯುತ್ತಿದ್ದರೆ ಅವರ ಕೈ ತಡೆಯುತ್ತಿರಲಿಲ್ಲ. ಟಪ್ ಎಂದು ತೆಗೆಯುವುದೇ. ಹಾಲಿನಲ್ಲಿರುವ ಅಕ್ಕನನ್ನು ಮಾತ್ರ ಅವರು ಮುಟ್ಟುತ್ತಿರಲಿಲ್ಲ. ಸೊಸೆಗೆ ನೆಟ್ ಅದರಿಂದ ಬರುತ್ತದೆ ಎಂದು ಅವರಿಗೆ ಗೊತ್ತಿತ್ತು. ನನ್ನ ಬಗ್ಗೆ ಅವರ ತಿಳುವಳಿಕೆ ಬೇರೆ. ಮಧ್ಯಾಹ್ನ ಹಿಂದಿನ ಕೋಣೆಯಲ್ಲಿ ಮಲಗಿ ಟ್ಯಾಬಿನಲ್ಲಿ ಅವರು ಪ್ರವಚನ ನೋಡುತ್ತಾರಲ್ಲ, ನಾನು ಅದಕ್ಕೆಂದೇ ಇರುವವಳು ಎಂದುಕೊಂಡಿದ್ದರು. ಪ್ರವಚನ ಇಲ್ಲದಾಗ ಇದು ಯಾಕೆ ಉರಿಯಬೇಕು?

ಹೀಗೆ ಬೆಳಿಗ್ಗೆ ಹನ್ನೊಂದಕ್ಕೆ ಅವರು ಹೊರಗೆ ಹೊರಟಾಗ ನನ್ನ ಪ್ರಾಣ ತೆಗೆಯುತ್ತಿದ್ದರು, ಒಂದಕ್ಕೆ ಬಂದು ಊಟ ಮಾಡಿ ಪ್ರವಚನಕ್ಕೆ ಮಲಗುವಾಗ ಕೊಡುತ್ತಿದ್ದರು. ಆ ಎರಡು ತಾಸು ಮೇಲಿದ್ದ ತಂಗಿ ನನ್ನನ್ನು ಹುಡುಕಿ ಸೋತು, ಎರಡು ಗೋಡೆ ಒಂದು ಆರ್‌ಸಿಸಿ ಚಾವಣಿ ದಾಟಿ ಹಾಲಿನ ಅಕ್ಕನ ಕಡೆ ಕೈ ಚಾಚುತ್ತಿದ್ದಳು. ಅವಳ ದೀಪ ಹಳದಿಯಾಗುತ್ತಿತ್ತು. ನೀಲಾಳ ಪರದೆಯಲ್ಲಿ ಮುಖಗಳು ಕಲ್ಲಾಗುತ್ತಿದ್ದವು. ಅವಳು ಎದ್ದು ಕೆಳಗೆ ಬಂದು ನೋಡೋಣವೆಂದರೆ ಕರೆಯ ನಡುವೆ ಏಳುವಂತಿಲ್ಲ. ಎಲ್ಲ ಮುಗಿಸಿ ಊಟಕ್ಕೆ ಇಳಿದು ಬಂದಾಗ ನಾನು ಇಲ್ಲಿ ಬಿಳಿಯಾಗಿ ಬೆಳಗುತ್ತಾ ಕೂತಿರುತ್ತಿದ್ದೆ, ಏನೂ ಆಗದವಳ ಹಾಗೆ. ನನ್ನ ಉರಿ ಯಾರಿಗೆ ಹೇಳಲಿ!

ನೀಲಾ ಯೋಗೀಶ ಎಂಬ ರಿಪೇರಿಯವನನ್ನು ಕರೆಸಿದಳು. ಅವನು ಬಂದದ್ದು ಮಧ್ಯಾಹ್ನ ಮೂರಕ್ಕೆ. ಆಗ ನಾವು ಮೂವರೂ ಚೆನ್ನಾಗಿಯೇ ಇದ್ದೆವು. ಅವನು ಫೋನಿನಲ್ಲಿ ನಮ್ಮ ಚರಿತ್ರೆ ತೆಗೆದು ನೋಡಿ, ಈ ಮಧ್ಯದ್ದು ಪದೇ ಪದೇ ಬಿದ್ದು ಏಳ್ತಿದೆ, ಇದರದ್ದೇ ಫಾಲ್ಟು ಎಂದ. ಬಿದ್ದು ಏಳುತ್ತಿದೆಯಂತೆ! ಕತ್ತು ಹಿಸುಕಿಸಿಕೊಂಡವಳಿಗೆ ಮೂರ್ಛೆರೋಗ ಎಂದ ಹಾಗಾಯಿತು. ಆದರೂ ಅವನು ಕೇಳಬೇಕಾದ ಒಂದು ಪ್ರಶ್ನೆ ಕೇಳಿದ, ಅದನ್ನು ನಾನು ಮರೆಯುವುದಿಲ್ಲ.

"ಸರ್, ಮನೇಲಿ ಯಾರಾದ್ರೂ ಮೇನ್ ಆಫ್ ಮಾಡ್ತೀರೇನು?"

"ಮೇನು ನಾವು ಮುಟ್ಟೋದೇ ಇಲ್ಲಪ್ಪ," ಎಂದರು ಮಹೇಶ್ವರಪ್ಪನವರು. ಅದು ಸುಳ್ಳೂ ಅಲ್ಲ.

ಕುರ್ಚಿಯಲ್ಲಿದ್ದ ಕೊಟ್ರಮ್ಮನವರು ಆಗ ಎದ್ದು ಬಂದರು. ಯೋಗೀಶನ ತೋಳು ಮುಟ್ಟಿ ನನ್ನ ಸ್ವಿಚ್ಚನ್ನು ತೋರಿಸಿದರು. ಬೆರಳಲ್ಲಿ ಒತ್ತುವ ಹಾಗೆ ಮಾಡಿ, ಹನ್ನೊಂದು ಎಂದು ತೋರಿಸಿ, ಮಹಡಿಯ ಕಡೆ ಕೈ ಮಾಡಿದರು. ಎದುರಿಗೇ ಬೀಗರು ನಿಂತಿದ್ದರು, ಅವರ ಕಡೆ ಮಾತ್ರ ತೋರಿಸಲಿಲ್ಲ. ಮಗಳು ಒಳಗೆ ಚಹಾಕ್ಕೆ ಇಟ್ಟಿದ್ದಳು. ಹೊರಗಿನವನಿಗೆ ತಿಳಿದರೆ ಅವನೇ ಹೇಳಲಿ, ತನ್ನ ಬಾಯಿಂದ ಬೇಡ ಎಂಬುದು ಆ ತಾಯಿಯ ಲೆಕ್ಕಾಚಾರ. ಅವನೋ, ಕಿವಿ ಕೇಳದವರ ಮುಂದೆ ಎಲ್ಲರೂ ಮಾಡುವುದನ್ನೇ ಮಾಡಿದ. ಹಲ್ಲು ಕಿರಿದು ತಲೆಯಾಡಿಸಿ, ಆಯ್ತಮ್ಮ ಆಯ್ತು ಎಂದು ಗಟ್ಟಿಯಾಗಿ ಕೂಗಿದ. ಕೇಳದವರಿಗೆ ಕೂಗಿ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಣ್ಣೆದುರಿಗೆ ಉತ್ತರ ಇತ್ತು, ಅದನ್ನು ನೋಡಿ ನಕ್ಕು ಬಿಟ್ಟ.

ಆಮೇಲೆ ಶುರುವಾಯಿತು ನನ್ನ ಚಿಕಿತ್ಸೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಚಾನೆಲ್ ಬದಲಾಯಿಸಿದ. ನನ್ನ ಬೆನ್ನಿನ ತೂತಿಗೆ ಪಿನ್ನು ಚುಚ್ಚಿ ನೆನಪೆಲ್ಲ ಅಳಿಸಿದ. ಹೊಸ ಅಡಾಪ್ಟರ್ ಹಾಕಿದ. ಪ್ರತಿ ಸಲವೂ ಮಧ್ಯಾಹ್ನ ಬರುತ್ತಿದ್ದ, ಎಲ್ಲ ಸರಿಯಾಗಿರುತ್ತಿತ್ತು, ಬೆನ್ನು ತಟ್ಟಿಕೊಂಡು ಹೋಗುತ್ತಿದ್ದ, ಮಾರನೆಯ ದಿನ ಹನ್ನೊಂದಕ್ಕೆ ಮತ್ತೆ ಅದೇ. ಕೊನೆಗೆ ನನ್ನನ್ನೂ ತಂಗಿಯನ್ನೂ ಅದಲುಬದಲು ಮಾಡಿದ. ನಾನು ಮಹಡಿಗೆ ಹೋದೆ, ಅವಳು ಮೆಟ್ಟಿಲ ಬುಡಕ್ಕೆ ಬಂದಳು. ಈಗ ಓಣಿಯಲ್ಲಿದ್ದ ಅವಳೂ ದಿನಾ ಹನ್ನೊಂದಕ್ಕೆ ಬೀಳತೊಡಗಿದಳು. ತಲೆಯಲ್ಲಿ ಒಂದು ಹಿಡಿ ಬುದ್ಧಿ ಇದ್ದವನು, ರೋಗ ಡಬ್ಬಿಯಲ್ಲಿಲ್ಲ, ಜಾಗದಲ್ಲಿದೆ ಎಂದು ಹಿಡಿಯಬೇಕಿತ್ತು. ಇವನು ಎರಡೂ ಒಂದೇ ಲಾಟಿನವು ಮೇಡಂ, ಎರಡೂ ಹೋಗ್ಯಾವೆ ಎಂದ.

ನಾನು ಮಹಡಿಗೆ ಹೋದ ವಾರವೇ ಪರಸಪ್ಪನ ಪ್ರಕರಣ ನಡೆದದ್ದು. ರಾಣೆಬೆನ್ನೂರಿನ ಕಡೆಯ ನೇಕಾರ, ಅರವತ್ತರ ಮೇಲಿನವನು, ಹುಟ್ಟಿನಿಂದ ಕಿವಿ ಕೇಳದವನು. ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಒಂದು ಬೆರಳು ಕಪ್ಪಾಗಿತ್ತು. ಆಸ್ಪತ್ರೆಯಲ್ಲಿ ನರ್ಸು ಟ್ಯಾಬ್ ಹಿಡಿದು ನಿಂತಿದ್ದಳು. ಡಾಕ್ಟರ್ ಹೇಳಿದರು: ನಂಜು ಏರುತ್ತಿದೆ, ಇವತ್ತೇ ಬೆರಳು ತೆಗೆಯಬೇಕು, ತಡಮಾಡಿದರೆ ಪಾದವೇ ಹೋಗುತ್ತದೆ, ಒಪ್ಪಿಗೆಯೇ ಎಂದು ಕೇಳಿ. ನೀಲಾ ಕೈ ಎತ್ತಿದಳು. ಕೆಳಗೆ ಮಹೇಶ್ವರಪ್ಪನವರು ಕ್ಷೌರದಂಗಡಿಗೆ ಹೊರಟವರು ತಂಗಿಯ ಸ್ವಿಚ್ಚು ತೆಗೆದರು. ನಾನು ಕೈ ಚಾಚಿದೆ, ಚಾಚಿದೆ, ಅಕ್ಕ ನನಗೆ ಸಿಕ್ಕಿದ್ದು ಒಂದು ಎಳೆಯಷ್ಟು. ಪರಸಪ್ಪನ ಮುಖ ಪರದೆಯ ಮೇಲೆ ಓರೆಯಾಗಿ ನಿಂತುಬಿಟ್ಟಿತು. ನೀಲಾ ಫೋನಿನ ನೆಟ್ಟಿಗೆ ಹಾರಿದಳು, ಆ ಕೋಣೆಯಲ್ಲಿ ಅದಕ್ಕೆ ಇದ್ದದ್ದು ಒಂದೇ ಕಡ್ಡಿ ಸಿಗ್ನಲ್. ವಾರ್ಡಿಗೆ ಫೋನು ಹಚ್ಚಿದಳು. ಸೈನ್ ಆಯ್ತು ಮೇಡಂ, ಒಳಗೆ ಕರ್ಕೊಂಡು ಹೋದ್ರು ಎಂದರು.

ಎಂಟು ದಿನದ ಮೇಲೆ ಪರಸಪ್ಪನ ಮಗ ಬರೆದ ದೂರು, ನೀಲಾಳಿಗೆ ಕೆಲಸ ಕೊಡುವ ಸಂಸ್ಥೆಯ ಮೂಲಕ ಬಂತು. ಅವಳು ಅದನ್ನು ನನ್ನ ಪಕ್ಕದಲ್ಲೇ ಕೂತು ಓದಿದಳು. ಆ ಕಡೆ ಟ್ಯಾಬಿನಲ್ಲಿ ನೀಲಾಳ ಚಿತ್ರ ಕೈ ಎತ್ತಿಕೊಂಡು ನಿಂತಿತ್ತಂತೆ. ಡಾಕ್ಟರಿಗೆ ಹೊರಗೆ ಇನ್ನೂ ಜನ ಕಾಯುತ್ತಿದ್ದರಂತೆ. ಯಾರೋ ಪೆನ್ನು ಕೊಟ್ಟು ಗೆರೆ ತೋರಿಸಿದರು. ಪರಸಪ್ಪ ನೀಲಾಳ ಚಿತ್ರ ನೋಡಿದ, ಎತ್ತಿದ ಕೈ ಕಂಡ, ಹೂಂ ಎನ್ನುತ್ತಿದ್ದಾಳೆ ಎಂದು ನಂಬಿ ಸಹಿ ಹಾಕಿದ. ಗಾಯ ತೊಳೆದು ಕಟ್ಟುತ್ತಾರೆ ಎಂದುಕೊಂಡಿದ್ದ. ಎಚ್ಚರವಾದ ಮೇಲೆ ಹೊದಿಕೆ ಸರಿಸಿ ಬೆರಳು ಎಣಿಸಿದನಂತೆ. ಎರಡು ಸಲ ಎಣಿಸಿದನಂತೆ. ಮಗ್ಗದ ಹಲಗೆ ತುಳಿಯುವ ಕಾಲು ಅದು. ದೂರಿನ ಕೆಳಗೆ ಸಂಸ್ಥೆಯವರು ಒಂದು ಸಾಲು ಬರೆದಿದ್ದರು: ನಿಮ್ಮ ಸಂಪರ್ಕದ ಬಗ್ಗೆ ಇದು ಮೂರನೆಯದು, ಇನ್ನೊಂದು ಬಂದರೆ ಪಟ್ಟಿಯಿಂದ ನಿಮ್ಮ ಹೆಸರು ತೆಗೆಯಬೇಕಾಗುತ್ತದೆ.

ಆ ದಿನ ಯೋಗೀಶ ಬಂದು, ಅದಲುಬದಲಿನಿಂದ ಏನೂ ಪ್ರಯೋಜನವಾಗಲಿಲ್ಲವೆಂದು, ನನ್ನನ್ನು ಮತ್ತೆ ಮೆಟ್ಟಿಲ ಬುಡಕ್ಕೆ ತಂದಿಟ್ಟ. ಹಾಗಾಗಿ ನೀಲಾ ತನ್ನ ಅವ್ವನಿಗೆ ಇದನ್ನೆಲ್ಲ ಹೇಳಿದ್ದು ನನ್ನ ಎದುರಿಗೇ. ಕೈಯಲ್ಲಿ ಹೇಳಿದಳು. ಬೆರಳು ಎಣಿಸಿದ್ದನ್ನೂ ಹೇಳಿದಳು. ತಪ್ಪು ತನ್ನದೇ, ಇಂಥ ಮನೆಯ ನೆಟ್ಟು ನಂಬಿಕೊಂಡು ಒಬ್ಬರ ಪ್ರಾಣದ ಮಾತು ಹೊರಬಾರದಿತ್ತು, ತಾನೇ ಈ ಕೆಲಸ ಬಿಡುತ್ತೇನೆ ಎಂದಳು. ಮಗಳು ಹೋದ ಮೇಲೆ ಕೊಟ್ರಮ್ಮನವರು ನನ್ನ ಪೆಟ್ಟಿಗೆಯಿಂದ ಆ ಪುಸ್ತಕ ತೆಗೆದು ಮೂರನೇ ಪುಟ ನೋಡಿದರು, ನನ್ನ ದೀಪ ನೋಡಿದರು, ನನ್ನ ದೀಪ ಆರಿದಾಗಲೇ ಮೇಲೆ ನೆಟ್ ಕಡಿಯುತ್ತದೆ ಎಂದು ತಾವು ಕಂಡದ್ದು ಸರಿಯೇ ಎಂದು ಖಾತ್ರಿ ಮಾಡಿಕೊಂಡರು. ನಿಜ ಹೇಳಬೇಕೆಂದರೆ ಆಗ ನನಗೆ ಅವರ ಮೇಲೂ ಸಿಟ್ಟಿತ್ತು. ಒಂದು ತಿಂಗಳಿಂದ ಎಲ್ಲವನ್ನೂ ನೋಡುತ್ತಾ ಸೂಜಿಗೆ ದಾರ ಪೋಣಿಸುತ್ತಾ ಕೂತಿದ್ದರಲ್ಲ!

ಸೋಮವಾರ ಹನ್ನೊಂದು ಗಂಟೆ. ಮೇಲೆ ನೀಲಾ ಕರೆಯಲ್ಲಿದ್ದಳು. ಮಹೇಶ್ವರಪ್ಪನವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಓಣಿಗೆ ಬಂದರು, ನಡೆಯುತ್ತಲೇ ಸ್ವಿಚ್ಚಿಗೆ ಕೈ ಹಾಕಿದರು. ಕೊಟ್ರಮ್ಮನವರು ಎದ್ದು ಅವರ ಮುಂಗೈ ಹಿಡಿದುಬಿಟ್ಟರು.

ಆ ಮನೆಯಲ್ಲಿ ಬೀಗಿತ್ತಿ ಬೀಗರ ಕೈ ಹಿಡಿಯುವುದೆಂದರೆ ಏನು ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಎದುರಿಗೆ ಕೂರದ ಹೆಂಗಸು ಅದು. ಮಹೇಶ್ವರಪ್ಪನವರು ಬೆಂಕಿ ತಾಗಿದವರ ಹಾಗೆ ಕೈ ಕೊಸರಿದರು, ಬಿಡ್ರೀ, ಏನಿದು, ನೋಡಿದವರು ಏನಂದಾರು ಎಂದರು. ಆ ಮಾತು ಅವರಿಗೆ ಕೇಳುತ್ತದೆಯೇ? ಕೊಟ್ರಮ್ಮನವರು ಕೈ ಬಿಟ್ಟರು, ಕುರ್ಚಿ ಎಳೆದು ನನ್ನ ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತರು. ಮಾವ ಸೊಸೆಯನ್ನು ಕೂಗಿದರು. ನೀಲಾ ಕರೆ ಮುಗಿಸಿ ಇಳಿದು ಬರಲು ಕಾಲು ಗಂಟೆ ಆಯಿತು. ಅಷ್ಟೂ ಹೊತ್ತು ಅವರು ನಿಂತೇ ಇದ್ದರು, ಇವರು ಕೂತೇ ಇದ್ದರು. ನಾನು ಮೆಟ್ಟಿಲ ಬುಡದಲ್ಲಿ ಹಗಲು ಹನ್ನೊಂದೂಕಾಲನ್ನು ಬೆಳಕಿನಲ್ಲಿ ಕಂಡದ್ದು ಎಷ್ಟೋ ದಿನದ ಮೇಲೆ.

ದುಭಾಷಿಗಳಿಗೆ ಒಂದು ನೇಮವಿದೆ. ಅವರು ನಾನು ಎಂದರೆ ಇವರೂ ನಾನು ಎನ್ನಬೇಕು. ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು, ಮೆತ್ತಗೆ ಮಾಡಬಾರದು. ನೀಲಾ ಕೊನೆಯ ಮೆಟ್ಟಿಲ ಮೇಲೆ ನಿಂತಳು. ತಾಯಿಯ ಕೈಗಳು ಶುರುಮಾಡಿದವು. ನೀಲಾ ಒಂದೆರಡು ಮಾತು ಹೇಳಿ, ಮುಂದಿನದನ್ನು ಸ್ವಲ್ಪ ಸುತ್ತಿ ಹೇಳಲು ನೋಡಿದಳು. ಮಗಳ ತುಟಿ ಎಷ್ಟು ಆಡಿತು ಎಂಬುದನ್ನು ಕೊಟ್ರಮ್ಮನವರು ಮೂವತ್ತು ವರ್ಷದಿಂದ ಓದುತ್ತಿದ್ದಾರೆ. ತಡೆದು, ಪೂರ್ತಿ ಹೇಳು ಎಂದರು. ಆಗ ಆ ಸೊಸೆ, ಮಾವನ ಮುಂದೆ ಎಂದೂ ದನಿ ಎತ್ತದವಳು, ಅವ್ವನ ಮಾತನ್ನು ಇದ್ದಂತೆ ಹೇಳಿದಳು.

"ಆರು ವರ್ಷ ನಿಮ್ಮ ಮನೇಲಿದೀನಿ. ಒಂದಿನ ಎದುರಾಡಿಲ್ಲ. ಈ ಸ್ವಿಚ್ಚು ನೀವು ಹನ್ನೊಂದಕ್ಕೆ ತೆಗಿತೀರಿ, ಒಂದಕ್ಕೆ ಹಾಕ್ತೀರಿ. ತೆಗೆದಾಗ ನನ್ನ ಮಗಳ ಮಾತು ನಿಲ್ತತಿ. ಹಂಗೆ ನಿಂತಾಗಲೇ ಆ ಪರಸಪ್ಪನ ಬೆರಳು ಅವನಿಗೆ ಗೊತ್ತಿಲ್ದಂಗೆ ಹೋತು. ನೀವು ಗೊತ್ತಿಲ್ದೆ ಮಾಡಿದ್ರಿ. ನಾನು ಗೊತ್ತಿದ್ದೂ ಬೀಗರು ಅಂತ ಸುಮ್ಮನಿದ್ದೆ. ಇನ್ನು ಸುಮ್ಮನಿರಲ್ಲ."

ಮಹೇಶ್ವರಪ್ಪನವರ ಮುಖ ಬಿಳಿಚಿಕೊಂಡಿತು. ನೆಲ ನೋಡುತ್ತಾ ಹೇಳಿದರು.

"ನಂಗೆ ಯಾರೂ ಹೇಳಲಿಲ್ಲಲ್ಲ."

ನೀಲಾ ಅದನ್ನೂ ಇದ್ದಂತೆ ಕೈಯಲ್ಲಿ ಹೇಳಿದಳು. ಕೊಟ್ರಮ್ಮನವರ ಉತ್ತರ ಚಿಕ್ಕದಿತ್ತು.

"ಆರು ವರ್ಷದಾಗೆ ನೀವು ನನ್ನ ಏನಾದ್ರೂ ಕೇಳಿದೀರೇನು?"

ನೀಲಾ ಅದನ್ನು ಬಾಯಲ್ಲಿ ದಾಟಿಸಿದಳು. ಮಹೇಶ್ವರಪ್ಪನವರು ತಮ್ಮ ಕೋಣೆಗೆ ಹೋದರು. ಆ ಮಧ್ಯಾಹ್ನ ಅವರು ಪ್ರವಚನವನ್ನೂ ಹಾಕಲಿಲ್ಲ, ಊಟಕ್ಕೂ ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ಟೆಸ್ಟರು, ಸ್ಕ್ರೂಡ್ರೈವರು ತಂದು, ಮೇನ್ ತೆಗೆದು, ನನ್ನ ಬೋರ್ಡು ಬಿಚ್ಚಿದರು. ಸ್ವಿಚ್ಚನ್ನು ಕಿತ್ತು ತಂತಿಯನ್ನು ನೇರ ಜೋಡಿಸಿ, ಆ ಕಿಂಡಿಗೆ ಖಾಲಿ ಮುಚ್ಚಳ ಹಾಕಿದರು. ಯಾರ ಮುಖವನ್ನೂ ನೋಡಲಿಲ್ಲ. ಕೈ ತಪ್ಪಿಯೂ ಇನ್ನು ನನ್ನನ್ನು ಯಾರೂ ಆರಿಸುವಂತಿರಲಿಲ್ಲ. ಯೋಗೀಶ ಮುಂದೆ ಒಂದು ದಿನ ಬಂದು, ನಾನು ಹಾಕಿದ ಅಡಾಪ್ಟರ್‌ನಿಂದಲೇ ಸರಿಹೋಯ್ತು ನೋಡ್ರಿ ಎಂದ. ಇರಲಿ, ಅವನ ಜಂಬ ಅವನಿಗೆ.

ತಿಂಗಳ ಮೇಲೆ ಪರಸಪ್ಪ ಮತ್ತೆ ಆಸ್ಪತ್ರೆಗೆ ಬಂದ. ನೀಲಾಳೇ ಬೇಕೆಂದು ಕೇಳಿದ್ದ, ಯಾಕೋ ಗೊತ್ತಿಲ್ಲ. ನೀಲಾ ಡಾಕ್ಟರಿಗೆ ಒಂದು ನಿಮಿಷ ಕಾಯಿರಿ ಎಂದು ಹೇಳಿ, ಅಂದು ಹೇಳದೆ ಉಳಿದದ್ದನ್ನು ಮೊದಲಿನಿಂದ ಹೇಳಿದಳು. ನನ್ನ ಮನೆಯಿಂದಾದ ತಪ್ಪು ಎಂದೂ ಹೇಳಿದಳು. ಪರಸಪ್ಪ ಒಂದೇ ಒಂದು ಮಾತು ಕೇಳಿದ. ಆ ಬೆರಳನ್ನು ಏನು ಮಾಡಿದಿರಿ ಎಂದು. ನೀಲಾ ಅದನ್ನು ಡಾಕ್ಟರಿಗೆ ದಾಟಿಸಿದಳು. ಡಾಕ್ಟರ್ ಮುಂದಿದ್ದ ಫೈಲಿನ ಹಾಳೆ ತಿರುವಿದರು. ನಲವತ್ತು ನಿಮಿಷ ನಡೆದ ಆ ಕರೆಯನ್ನು ನಾನು ಒಂದು ರೆಪ್ಪೆಯೂ ತಪ್ಪದಂತೆ ಹೊತ್ತೆ, ಆ ಹಾಳೆ ತಿರುವಿದ್ದನ್ನೂ ಹೊತ್ತೆ. ನೀಲಾ ಕೆಲಸ ಬಿಡಲಿಲ್ಲ. ಅವಳ ಮೇಲೆ ನಾಲ್ಕನೆಯ ದೂರು ಬರಲೂ ಇಲ್ಲ.

ಈಗ ಐದು ವರ್ಷವಾಯಿತು. ನನಗಿಂತ ಚುರುಕಾದವು ಮೂರು ಬಂದಿವೆ. ಅಕ್ಕ, ತಂಗಿ, ನಾನು ಕೊಟ್ರಮ್ಮನವರ ಬಟ್ಟೆ ತುಂಡುಗಳ ಪೆಟ್ಟಿಗೆಯ ಪಕ್ಕದಲ್ಲಿ, ಗೂಡಿನಲ್ಲಿ ಕೂತಿದ್ದೇವೆ. ತಂತಿ ಇಲ್ಲ, ದೀಪ ಇಲ್ಲ, ಆದರೆ ಓಣಿ ಚೆನ್ನಾಗಿ ಕಾಣುತ್ತದೆ.

ಮಹೇಶ್ವರಪ್ಪನವರು ಈಗ ಮಧ್ಯಾಹ್ನ ಹೊರಗಿನಿಂದ ಬಂದಾಗ ಆ ಕುರ್ಚಿಯ ಮುಂದೆ ನಿಲ್ಲುತ್ತಾರೆ. ಐದೂ ಬೆರಳು ಕೂಡಿಸಿ ಬಾಯಿಗೆ ಒಯ್ದು, ಹುಬ್ಬು ಏರಿಸುತ್ತಾರೆ. ಊಟ ಆಯಿತೇ ಎಂದು ಅರ್ಥ. ಕೊಟ್ರಮ್ಮನವರು ಆಯಿತು, ಇಲ್ಲ ಎಂದು ಕೈಯಲ್ಲೇ ಹೇಳುತ್ತಾರೆ. ಬಂದು ಹೋಗುವ ನೆಂಟರು ಇದನ್ನು ನೋಡಿ, ಬೀಗರೆಂದರೆ ಹೀಗಿರಬೇಕು, ಎಷ್ಟು ಒಳ್ಳೆಯ ಮನಸ್ಸು ಎಂದು ಕೊಂಡಾಡುತ್ತಾರೆ. ನನಗೆ ಹೊಗಳಲು ಬರುವುದಿಲ್ಲ. ಎದೆಹಾಲು ಬಿಡದ ಕೂಸಿಗೂ ಗೊತ್ತಿರುವ ಸನ್ನೆ ಅದು. ಅದನ್ನು ಕಲಿಯಲು ಆ ಮನುಷ್ಯನಿಗೆ ಆರು ವರ್ಷ ಬೇಕಾಯಿತು, ಮತ್ತು ಒಬ್ಬ ನೇಕಾರನ ಕಾಲ್ಬೆರಳು ಬೇಕಾಯಿತು.